ಕೆಂಪು ದಾರದ ಎರಡು ಹೊಲಿಗೆ

ಅವಳಿಗೆ ಗಂಜಿ ಎಂಬ ಅಡ್ಡಹೆಸರು ಬಿದ್ದದ್ದು ಒಂಬತ್ತನೇ ವಯಸ್ಸಿನಲ್ಲಿ. ಲಾಂಡ್ರಿಯವರ ಮನೆಯಲ್ಲಿ ಹುಟ್ಟಿದ ಮೇಲೆ ಕೈಗೊಂದು ಕೆಲಸ ಬೀಳಲೇಬೇಕಲ್ಲ, ಅವಳ ಪಾಲಿಗೆ ಬಂದದ್ದು ಬಟ್ಟೆಗೆ ಗಂಜಿ ಹಾಕುವುದು. ಮೊದಲ ದಿನವೇ ಹುಮ್ಮಸ್ಸು ಹೆಚ್ಚಾಗಿ, ಬೀದಿಯ ಬಸ್ ಡ್ರೈವರನ ಪ್ಯಾಂಟನ್ನು ಗೋಡೆಗೆ ಒರಗಿಸಿದರೆ ತಾನೇ ನಿಲ್ಲುವ ಹಾಗೆ ಮಾಡಿಟ್ಟಳು. ಅದನ್ನು ತೊಟ್ಟು ಸೀಟಿನಲ್ಲಿ ಕೂರಲಾಗದೆ ಒದ್ದಾಡಿದ್ದರಿಂದ ಆ ದಿನ ಬಸ್ಸು ಹತ್ತು ನಿಮಿಷ ತಡವಾಗಿ ಹೊರಟಿತಂತೆ. ಇಂಥ ಕೀರ್ತಿ ಬಂದ ಮೇಲೆ ಅಪ್ಪ ಅಮ್ಮ ಇಟ್ಟ ಹೆಸರು ಯಾರಿಗೆ ಬೇಕು? ಹೆಸರು ಗುಣಕ್ಕೂ ಹೊಂದುತ್ತಿತ್ತು ಅನ್ನಿ. ಅಳು ಗಂಟಲಿಗೆ ಬಂದರೂ ಕತ್ತು ಬಗ್ಗಿಸುವ ಜಾತಿಯಲ್ಲ ಅವಳು.

ಈಗ ಅವಳಿಗೆ ನಲವತ್ತಾರು. ಹದಿನಾಲ್ಕು ವರ್ಷದಿಂದ ಇರುವುದು ದೂರದ ದೇಶದಲ್ಲಿ, ಮಾಡುವುದು ಮಾತ್ರ ಅದೇ ಕೆಲಸ. ದೊಡ್ಡ ಆಸ್ಪತ್ರೆಯೊಂದರ ನೆಲಮಾಳಿಗೆಯಲ್ಲಿ ಒಗೆತದ ವಿಭಾಗ. ಅಲ್ಲಿ ಬೆಳಗಿನ ಪಾಳಿಯ ಮೇಲ್ವಿಚಾರಕಿ. ದಿನಕ್ಕೆ ಸಾವಿರಾರು ಹೊದಿಕೆ, ದಿಂಬಿನ ಚೀಲ, ಹಸಿರು ನಿಲುವಂಗಿ. ಪ್ರತಿಯೊಂದರ ಅಂಚಿನಲ್ಲೂ ಗುಂಡಿಯಷ್ಟು ಗಾತ್ರದ ಎಲೆಕ್ಟ್ರಾನಿಕ್ ಚಿಪ್ ಹೊಲಿದಿರುತ್ತಾರೆ, ಯಂತ್ರ ಅದನ್ನು ಓದಿ ಯಾವ ವಾರ್ಡಿನದು ಎಂದು ತಾನೇ ಹೇಳುತ್ತದೆ. ಅಲ್ಲಿ ಒಂದು ಬಟ್ಟೆಯೂ ಕಳೆಯುವುದಿಲ್ಲ. ಯಾವುದೂ ಯಾರದ್ದೂ ಅಲ್ಲವಾದ್ದರಿಂದ ಕಳೆದರೂ ಯಾರೂ ಅಳುವುದಿಲ್ಲ, ಅದು ಬೇರೆ ಮಾತು.

ಇಷ್ಟು ವರ್ಷ ಊರಿಗೆ ಬರಲಿಲ್ಲವೇಕೆ ಎಂದರೆ, ಮೊದಲ ಆರು ವರ್ಷ ಕಾಗದಪತ್ರ ಆಗಲಿಲ್ಲ. ಆದಮೇಲೆ ರಜೆ ಸಿಕ್ಕಾಗ ಒಂದು ಅಡ್ಡಿ, ಅಡ್ಡಿ ಇಲ್ಲದಾಗ ರಜೆ ಇಲ್ಲ. ನಡುವೆ ಅಪ್ಪ ತೀರಿಕೊಂಡ. ಅದನ್ನೂ ಫೋನಿನಲ್ಲೇ ಅತ್ತು ಮುಗಿಸಿದಳು. ಕೊನೆಗೆ ಅವಳನ್ನು ಎಬ್ಬಿಸಿ ತಂದದ್ದು ತಮ್ಮನ ಒಂದು ಫೋನು.

"ಅಕ್ಕ, ಅಮ್ಮನಿಗೆ ಬಣ್ಣ ಕಾಣ್ತಿಲ್ಲ ಕಣೇ. ಕಣ್ಣಿನ ಹಿಂದಿನ ನರ ಸೊರಗಿದೆ, ಕನ್ನಡಕಕ್ಕೂ ಬಗ್ಗಲ್ಲ, ಆಪರೇಷನ್ನಿಗೂ ಬಗ್ಗಲ್ಲ ಅಂದ್ರು ಡಾಕ್ಟ್ರು. ಬಟ್ಟೆ ವಿಂಗಡಿಸೋದು ಬಿಡು ಅಂದ್ರೆ ಮೂರು ದಿನ ಊಟ ಬಿಡ್ತಾಳೆ. ನಿನ್ನ ಮಾತು ಕೇಳ್ತಾಳೆ. ನೀನೇ ಬಂದು ಆ ಮೇಜಿಂದ ಎಬ್ಬಿಸು."

"ಗಿರಾಕಿಗಳು ಏನಂತಾರೆ?"

"ಅದೇ ನಂಗೆ ಭಯ. ಹಸಿರು ದಾರದ ಗುರುತಿನ ರಾಶೀಲಿ ನೀಲಿ ದಾರದ್ದು ಸೇರಿದ್ದನ್ನ ನಾನೇ ಕಣ್ಣಾರೆ ನೋಡಿದ್ದೀನಿ. ಆದ್ರೆ ಎರಡು ವರ್ಷದಿಂದ ಒಬ್ರೂ ಬಂದು ಬೈದಿಲ್ಲ. ಎಲ್ಲ ಒಟ್ಟಿಗೆ ಒಂದಿನ ಬರ್ತಾರೇನೋ."

ಗಂಜಿ ಮೂರು ವಾರದ ರಜೆ ಹಾಕಿದಳು. ಬರಿಗೈಯಲ್ಲಿ ಹೊರಡುವ ಹೆಣ್ಣಲ್ಲ ಅವಳು. ಬಟ್ಟೆಗೆ ಅಂಟಿಸುವ ನಂಬರ್ ಪಟ್ಟಿ ಅಚ್ಚು ಹಾಕುವ ಪುಟ್ಟ ಯಂತ್ರವೊಂದನ್ನು ಕೊಂಡು, ಬಟ್ಟೆಗಳ ನಡುವೆ ಸುತ್ತಿ ಸೂಟ್‌ಕೇಸಿನ ತಳದಲ್ಲಿಟ್ಟಳು. ಅಮ್ಮನನ್ನು ಎಬ್ಬಿಸುವ ಕೆಲಸ ಆ ಯಂತ್ರ ಮಾಡುತ್ತದೆ, ತಾನು ಪಕ್ಕದಲ್ಲಿ ನಿಂತರೆ ಸಾಕು ಎಂದು ದಾರಿಯುದ್ದಕ್ಕೂ ತನಗೆ ತಾನೇ ಹೇಳಿಕೊಂಡಳು.

ಅಂಗಡಿ ಬೀದಿಗೆ ತೆರೆದುಕೊಂಡ ಉದ್ದನೆಯ ಕೋಣೆ. ಹಿಂದೆ ಎರಡು ಒಗೆಯುವ ಯಂತ್ರ, ನಡುವೆ ತಮ್ಮನೂ ಅವನ ಹೆಂಡತಿಯೂ ನಿಲ್ಲುವ ಇಸ್ತ್ರಿ ಮೇಜುಗಳು, ಬಾಗಿಲ ಹತ್ತಿರ ಅಮ್ಮನ ವಿಂಗಡಿಸುವ ಮೇಜು. ಮನೆ ಮೇಲಿನ ಮಹಡಿಯಲ್ಲಿ. ಟ್ಯಾಕ್ಸಿಯಿಂದ ಇಳಿದವಳಿಗೆ ಮೊದಲು ಎದುರಾದದ್ದು ಬಿಸಿ ಇಸ್ತ್ರಿಯ ಕೆಳಗೆ ಒದ್ದೆ ಹತ್ತಿ ಬಟ್ಟೆ ಬಿಡುವ ವಾಸನೆ. ಹದಿನಾಲ್ಕು ವರ್ಷ ಕತ್ತು ಬಗ್ಗಿಸದವಳು ಅಲ್ಲೇ ಫುಟ್‌ಪಾತಿನ ಮೇಲೆ ಸೂಟ್‌ಕೇಸ್ ಹಿಡಿದು ಗೊಳೋ ಎಂದಳು.

ಅಮ್ಮ ಎದ್ದು ಬಂದು ಮಗಳ ಮುಖವನ್ನು ಎರಡೂ ಕೈಯಲ್ಲಿ ಹಿಡಿದಳು, ಭುಜ ಮುಟ್ಟಿದಳು, ಕೋಟಿನ ತೋಳನ್ನು ಬೆರಳಲ್ಲಿ ಉಜ್ಜಿ ಮೂಸಿದಳು.

"ಸೋಪು ಸರಿಯಾಗಿ ಹೋಗಿಲ್ಲ," ಎಂದಳು. "ಇನ್ನೊಂದು ನೀರು ಹಾಕ್ಬೇಕಿತ್ತು. ಇದನ್ನ ಕಲಿಯೋಕೆ ಅಷ್ಟು ದೂರ ಹೋದ್ಯಾ?"

ತಮ್ಮ ಕಾಫಿ ಲೋಟ ಹಿಡಿದು ಬರುವಷ್ಟರಲ್ಲಿ ಸೂಟ್‌ಕೇಸ್ ಬಿಚ್ಚಿ ಬಟ್ಟೆಗಳೆಲ್ಲ ಅಮ್ಮನ ಮೇಜಿನ ಮೇಲಿದ್ದವು. ಯಂತ್ರವನ್ನು ಗಂಜಿ ಹೇಗೋ ಟವೆಲಿನಲ್ಲಿ ಸುತ್ತಿ ಮೆಟ್ಟಿಲ ಕೆಳಗೆ ತಳ್ಳಿದಳು. ಅಮ್ಮ ಆಗಲೇ ಸೂಜಿಗೆ ದಾರ ಪೋಣಿಸಿ ಕೂತಿದ್ದಳು. ಲಾಂಡ್ರಿಗೆ ಬಂದ ಬಟ್ಟೆಗೆ ಗುರುತು ಹಾಕದೆ ನೀರಿಗೆ ಬಿಡುವಂತಿಲ್ಲ, ಅದು ಮಗಳದ್ದಾದರೂ ಸರಿಯೇ.

ಆ ಗುರುತಿನ ವಿಷಯ ಇಲ್ಲಿ ಹೇಳಬೇಕು. ಒಂದೊಂದು ಮನೆಗೂ ಒಂದು ಬಣ್ಣದ ದಾರ, ಇಷ್ಟೇ ಹೊಲಿಗೆ ಎಂಬ ಲೆಕ್ಕ. ಎದುರು ಮನೆಯ ಮಹಡಿಯಲ್ಲಿರುವ ಲೆಕ್ಕದ ಮೇಷ್ಟ್ರಿಗೆ ನೀಲಿಯಲ್ಲಿ ಮೂರು. ಬಸ್ ಡ್ರೈವರನಿಗೆ ಹಸಿರಿನಲ್ಲಿ ಮೂರು. ಎದುರಿನ ಕ್ಷೌರದಂಗಡಿಯ ಕತ್ತರಿ ಮಾಮನಿಗೆ ಕಂದು ದಾರದ ನಾಲ್ಕು. ಕಾಲರಿನ ಒಳಗೋ ಸೊಂಟದ ಪಟ್ಟಿಯಲ್ಲೋ ಅಕ್ಕಿಕಾಳಿನಷ್ಟು ಪುಟ್ಟ ಹೊಲಿಗೆಗಳು. ಎಲ್ಲೂ ಬರೆದಿಟ್ಟಿಲ್ಲ, ಐವತ್ತು ವರ್ಷದಿಂದ ಎಲ್ಲ ಅಮ್ಮನ ತಲೆಯಲ್ಲೇ. ಹೊಲಿಗೆ ಎಷ್ಟು ಎಂದು ಬೆರಳು ಇವತ್ತಿಗೂ ತಪ್ಪದೆ ಹೇಳುತ್ತದೆ. ಬಣ್ಣ ಹೇಳಬೇಕಾದದ್ದು ಕಣ್ಣು, ಅದು ಕೈಕೊಟ್ಟಿತ್ತು. ನೀಲಿ ಮೂರೂ ಹಸಿರು ಮೂರೂ ಅವಳಿಗೆ ಈಗ ಬರೀ ಮೂರು.

ಗಂಜಿಯ ಗುರುತು ಕೆಂಪು ದಾರದ ಎರಡು ಹೊಲಿಗೆ, ಹುಟ್ಟಿದಾಗ ಹಾಕಿದ್ದು. ಕೆಂಪು ದಾರದ ಉಂಡೆಯನ್ನು ಮಾತ್ರ ಅಮ್ಮ ಬೇರೆಯಾಗಿ, ಒಂದು ತಗಡಿನ ಡಬ್ಬಿಯಲ್ಲಿ ಇಟ್ಟಿದ್ದಳು. ಹದಿನಾಲ್ಕು ವರ್ಷದಿಂದ ಆ ಡಬ್ಬಿ ತೆಗೆದಿರಲಿಲ್ಲ ಎಂದು ತಮ್ಮನ ಹೆಂಡತಿ ಗಂಜಿಯ ಕಿವಿಯಲ್ಲಿ ಹೇಳಿದಳು. ಹೀಗಿರುವಾಗ ಯಂತ್ರವನ್ನು ಹೊರಗೆ ತೆಗೆಯುವುದು ಹೇಗೆ? ನಾಳೆ ತೆಗೆಯೋಣ ಎಂದುಕೊಂಡಳು. ನಾಳೆ ನಾಳೆ ಎಂದು ಶನಿವಾರ ಬಂತು.

ಶನಿವಾರ ಬೆಳಗ್ಗೆ ಬೀದಿಯ ಬಟ್ಟೆಗಳನ್ನೆಲ್ಲ ಮನೆಮನೆಗೆ ಮುಟ್ಟಿಸುವ ಪದ್ಧತಿ. ಅಮ್ಮ ವಿಂಗಡಿಸಿ, ಕಾಗದ ಸುತ್ತಿ, ತನ್ನದೇ ಆದ ಎಡಗೈ ಗಂಟು ಹಾಕಿ ಇಟ್ಟ ಕಟ್ಟುಗಳನ್ನು ತಮ್ಮ ಕೈಗಾಡಿಯಲ್ಲಿ ಕೊಂಡೊಯ್ಯುತ್ತಾನೆ. ಬಿಚ್ಚಿ ಸರಿಮಾಡಲು ಅವನಿಗೂ ಆಸೆ, ಆದರೆ ಆ ಗಂಟು ಅವನಿಗೆ ಬರುವುದಿಲ್ಲ. ಮುಟ್ಟಿದರೆ ಅಮ್ಮನಿಗೆ ಗೊತ್ತಾಗಿಬಿಡುತ್ತದೆ. ಅಂದು ಸಂಜೆ ಐದಕ್ಕೆ ಅಮ್ಮ ಎಂದಿನಂತೆ ಬಾಗಿಲ ಬಳಿಯ ತನ್ನ ಕುರ್ಚಿಯಲ್ಲಿ ಕೂತು ಗುಂಡಿ ಹೊಲಿಯುತ್ತಿದ್ದಳು. ಗಂಜಿ ಕೂದಲು ಕತ್ತರಿಸಿಕೊಳ್ಳುವ ನೆಪದಲ್ಲಿ ಎದುರಿನ ಅಂಗಡಿಗೆ ಹೋದಳು.

ಕತ್ತರಿ ಮಾಮ ಎಂದರೆ ಬಾಗಿಲಲ್ಲಿ ನಿಂತರೆ ಅಂಗಡಿ ಕತ್ತಲಾಗುವಂಥ ಆಳು. ಅವಳನ್ನು ಕಂಡು ಅವನ ಮುಖ ಅರಳಿತು, ಅರಳಿದ್ದು ಯಾಕೋ ಅರ್ಧಕ್ಕೇ ನಿಂತಿತು. ಬಾಗಿಲ ಪಕ್ಕದ ಬೆಂಚಿನ ಮೇಲೆ ತಮ್ಮನ ಅಂಗಡಿಯ ಕಾಗದದಲ್ಲೇ ಅರೆಬರೆ ಸುತ್ತಿದ ಬಟ್ಟೆಗಳಿದ್ದವು. ಅವಳು ನೋಡುತ್ತಿರುವಂತೆಯೇ ಡ್ರೈವರ್ ಬಂದು ಬಿಳಿ ಅಂಗಿ ಎರಡನ್ನು ಇಟ್ಟು, ತನ್ನ ಪ್ಯಾಂಟು ಹುಡುಕಿ ಎತ್ತಿಕೊಂಡ. ಆಮೇಲೆ ಲೆಕ್ಕದ ಮೇಷ್ಟ್ರು ಕೋಲೂರಿಕೊಂಡು ಬಂದು, ಆ ಬಿಳಿ ಅಂಗಿಗಳನ್ನು ಕಂಕುಳಲ್ಲಿಟ್ಟುಕೊಂಡು ಕೂತರು. ಅಂಗಡಿಯ ಒಳಗೆ ಗಂಜಿ ಕುಳಿತಿರುವುದನ್ನು ಕಂಡು ಇಬ್ಬರೂ ಕದ್ದವರ ಹಾಗೆ ಬೆಪ್ಪಾದರು.

"ಏನು ಮಾಮ ಇದು?" ಎಂದಳು.

ಮಾಮ ಕತ್ತರಿ ಕೆಳಗಿಟ್ಟ. "ನೋಡಿಬಿಟ್ಟೆ ಅಂದ್ಮೇಲೆ ಮುಚ್ಚಿಟ್ಟು ಏನು ಪ್ರಯೋಜನ. ಎರಡು ವರ್ಷ ಆಯ್ತಮ್ಮ. ಬೇರೆಯವರದು ಯಾರಿಗೆ ಬಂದಿರುತ್ತೋ ಅವ್ರು ತಂದು ಇಲ್ಲಿಡ್ತಾರೆ, ಅವರವರದು ಅವ್ರು ತಗೊಂಡು ಹೋಗ್ತಾರೆ. ಐದೂವರೆಗೆ ಬೆಂಚು ಖಾಲಿ. ನಿಮ್ಮಮ್ಮನಿಗೆ ಮಾತ್ರ ಹೇಳ್ಬೇಡ, ನನ್ನಾಣೆ."

"ನಿಂಗೂ ತಪ್ಪಿ ಬರುತ್ತಾ?"

"ನಂಗೆಲ್ಲಿ! ಒಂದು ಸಲವೂ ತಪ್ಪಿಲ್ಲ. ಈ ಅಳತೆ ಬೀದೀಲಿ ಇನ್ಯಾರಿಗಿದೆ ಹೇಳು? ನನ್ನ ಅಂಗಿ ಗುರುತು ಹಿಡಿಯೋಕೆ ಕಣ್ಣು ಯಾಕೆ, ಕೈ ಇಟ್ರೆ ಸಾಕು. ಅದಕ್ಕೇ ನನ್ನನ್ನ ಯಜಮಾನ ಮಾಡಿದ್ದಾರೆ."

ಗಂಜಿಗೆ ನಗು ಬಂತು. "ಯಾಕೆ ಮಾಮ? ಬೇರೆ ಲಾಂಡ್ರಿ ಇಲ್ವಾ ಊರಲ್ಲಿ?"

ಉತ್ತರ ಕೊಟ್ಟದ್ದು ಡ್ರೈವರ್. "ನನ್ನನ್ನ ಒಂದ್ಸಲ ಕೆಲಸದಿಂದ ತೆಗೆದಿದ್ರು. ಮನೇಲಿ ಹೇಳಿರ್ಲಿಲ್ಲ. ಮೂರು ತಿಂಗಳು ಒಗೆಯೋಕೆ ಡ್ಯೂಟಿ ಬಟ್ಟೆ ಬರ್ಲಿಲ್ಲ ಅಂದ್ರೆ ನಿಮ್ಮಮ್ಮನಿಗೆ ತಿಳಿಯಲ್ವಾ? ತುಟಿ ಪಿಟಕ್ ಅನ್ಲಿಲ್ಲ. ಹಳೇ ಡ್ಯೂಟಿ ಬಟ್ಟೆ ಕೊಡು, ಸುಮ್ನೆ ಇಸ್ತ್ರಿ ಮಾಡಿ ಕಳಿಸ್ತೀನಿ, ಮನೆಯವ್ರು ನೋಡ್ಲಿ ಅಂದ್ಲು."

"ನಮ್ಮನೇಲಿ ಕಾಯಿಲೆ ಇದ್ದಾಗ ಹೊದಿಕೆ ಮೇಲಿನ ರಕ್ತ ನೋಡಿದ್ದು ಆಕೆ ಒಬ್ಬಳೇ," ಎಂದ ಮಾಮ. "ಬೀದಿಯ ಕೊಳೆ ಎಲ್ಲ ಕೈಯಲ್ಲಿ ಹಾದು ಹೋಗಿದೆ. ಒಂದು ಮಾತು ಆಚೆ ಬಂದಿಲ್ಲ. ನಾವೀಗ ಒಂದು ಅಂಗಿ ವಿಷಯಕ್ಕೆ ಬಾಯಿ ಬಿಡೋದಾ?"

ಮೇಷ್ಟ್ರು ಕೋಲಿನ ತುದಿಯಿಂದ ನೆಲದ ಮೇಲಿನ ಕೂದಲನ್ನು ಸರಿಸುತ್ತಿದ್ದರು.

ಗಂಜಿ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡು ಕೂತಳು. ವಾರಕ್ಕೊಂದು ಫೋನು ಮಾಡಿ, ಆಗಾಗ ಏನಾದರೂ ಕಳಿಸಿ, ಮಗಳ ಕೆಲಸ ಮಾಡುತ್ತಿದ್ದೇನೆ ಎಂದುಕೊಂಡಿದ್ದಳು ಅವಳು. ಆ ಕೆಲಸವನ್ನು ಈ ಬೆಂಚು ಮಾಡುತ್ತಿತ್ತು. ಕೃತಜ್ಞತೆ ಎಂಬುದು ಇಷ್ಟು ಭಾರವಾಗಿರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಎದ್ದು ಮೂವರ ಕೈಯನ್ನೂ ಹಿಡಿದುಕೊಳ್ಳಬೇಕೆನ್ನಿಸಿತು, ಆದರೆ ಮಾಮ ಆಗಲೇ ಕುತ್ತಿಗೆಗೆ ಬಟ್ಟೆ ಬಿಗಿದಾಗಿತ್ತು. ಹಾಗೇ ಕೂತು, ಕೂದಲು ಬೇಕಾದದ್ದಕ್ಕಿಂತ ಎರಡು ಇಂಚು ಹೆಚ್ಚೇ ಕತ್ತರಿಸಿಕೊಂಡು ಬಂದಳು.

ಇಲ್ಲಿಗೆ ಸುಮ್ಮನಿದ್ದಿದ್ದರೆ ಆಗುತ್ತಿತ್ತು. ಆದರೆ ವರ್ಷಗಟ್ಟಲೆ ಮೇಲ್ವಿಚಾರಕಿಯಾಗಿದ್ದ ಕೈ, ಅದು ಸುಮ್ಮನಿರುತ್ತದೆಯೇ? ಇವರಿಗೆಲ್ಲ ಇಷ್ಟು ತೊಂದರೆ ಕೊಡುವುದೇಕೆ, ನಾನಿರುವಷ್ಟು ದಿನವಾದರೂ ಸರಿಯಾಗಿ ಹೋಗಲಿ ಎಂದುಕೊಂಡಳು. ಎಡಗೈ ಗಂಟು ಅಮ್ಮನೇ ಕಲಿಸಿದ್ದು, ಮರೆತಿರಲಿಲ್ಲ. ಮುಂದಿನ ಶುಕ್ರವಾರ ಊಟವಾದ ಮೇಲೆ ಅಮ್ಮ ಅರ್ಧ ಗಂಟೆ ಕಣ್ಣು ಮುಚ್ಚಿದಾಗ, ಕಟ್ಟುಗಳನ್ನು ಒಂದೊಂದಾಗಿ ಬಿಚ್ಚಿ, ನೀಲಿಯನ್ನು ನೀಲಿಗೆ, ಹಸಿರನ್ನು ಹಸಿರಿಗೆ ಸೇರಿಸಿ, ಮತ್ತೆ ಹಾಗೆಯೇ ಕಟ್ಟಿಟ್ಟಳು. ಗಂಟು ನೋಡಿದರೆ ಸಾಕ್ಷಾತ್ ಅಮ್ಮನದೇ. ಒಳಗೊಳಗೇ ಬೀಗಿದಳು ಕೂಡ.

ಶನಿವಾರ ಸಂಜೆ ಐದು ಹೊಡೆಯಿತು. ಕ್ಷೌರದಂಗಡಿಯ ಬೆಂಚು ಖಾಲಿ. ಐದೂ ಕಾಲು, ಯಾರೂ ಬರಲಿಲ್ಲ. ಡ್ರೈವರ್ ಬಂದವನು ಬೆಂಚು ನೋಡಿ, ಸ್ವಲ್ಪ ಹೊತ್ತು ನಿಂತು, ಹೊರಟುಹೋದ. ಮಾಮ ಬಾಗಿಲಿಗೆ ಬಂದು ಬೀದಿಯ ಎರಡೂ ಕಡೆ ನೋಡಿದ. ಎದುರು ಮಹಡಿಯ ಕಿಟಕಿಯ ಪರದೆ ಮುಚ್ಚಿಯೇ ಇತ್ತು.

ಅಮ್ಮ ಗುಂಡಿ ಹೊಲಿಯುವುದನ್ನು ನಿಲ್ಲಿಸಿದಳು.

"ನನ್ನ ಕಟ್ಟು ಯಾರು ಮುಟ್ಟಿದ್ದು?"

ಇಸ್ತ್ರಿ ಮೇಜಿನ ಬಳಿ ತಮ್ಮ ಬೆಚ್ಚಿಬಿದ್ದ. ಹೆಂಡತಿಯನ್ನು ಕರೆದುಕೊಂಡು ಹಿಂದಿನ ಯಂತ್ರದ ಕಡೆಗೆ ಕಂಬಿ ಕಿತ್ತ.

"ನಾನೇ, ಅಮ್ಮ. ನಿಂಗೆ ಹೇಗೆ ಗೊತ್ತಾಯ್ತು? ಗಂಟು ಸರಿಯಾಗೇ ಹಾಕಿದ್ನಲ್ಲ."

"ಗಂಟು ಚೆನ್ನಾಗೇ ಇತ್ತು. ಬೆಂಚು ಖಾಲಿ ಇದೆ."

ಗಂಜಿ ತಿರುಗಿ ಎದುರಿನ ಅಂಗಡಿಯ ಕಡೆ ನೋಡಿದಳು. ಅಮ್ಮನ ಕುರ್ಚಿಯಿಂದ ಆ ಬೆಂಚಿಗೆ ಹೆಚ್ಚೆಂದರೆ ಇಪ್ಪತ್ತು ಹೆಜ್ಜೆ, ನೇರ ಎದುರಿಗೆ. ಇದು ಯಾರಿಗೂ ಹೊಳೆದಿರಲಿಲ್ಲ. ಬಣ್ಣ ಕಾಣದವಳಿಗೆ ಏನೂ ಕಾಣುವುದಿಲ್ಲ ಎಂದು ಬೀದಿಗೆ ಬೀದಿಯೇ ನಂಬಿತ್ತು.

"ಬಣ್ಣ ಕಾಣಲ್ಲ ಕಣೇ ನಂಗೆ, ಜನ ಕಾಣ್ತಾರೆ," ಎಂದಳು ಅಮ್ಮ. "ಯಾರು ನಡೆದು ಬರ್ತಾರೆ, ಕೈಯಲ್ಲಿ ಏನಿದೆ, ಏನು ಇಟ್ಟು ಹೋದ್ರು, ಎಲ್ಲ ಕಾಣುತ್ತೆ. ಮೊದಲ ಸಲ ನೋಡಿದ ದಿನ, ಆಯ್ತು, ನಾಳೆಯಿಂದ ಈ ಮೇಜಿಗೆ ಕೂರಲ್ಲ ಅಂತ ಮನಸ್ಸು ಮಾಡ್ದೆ. ಮಾರನೇ ದಿನ ಬಾಗಿಲು ತೆಗೆಯೋಕೆ ಮೊದಲೇ ಡ್ರೈವರ್ ಬಂದು ನಿಂತಿದ್ದ. ಅಮ್ಮ, ಈ ಸಲ ಪ್ಯಾಂಟಿನ ಇಸ್ತ್ರಿ ಬೊಂಬಾಟಾಗಿತ್ತು ಅಂದ. ಅವನಿಗೆ ಹೋಗಿದ್ದು ಮೇಷ್ಟ್ರ ಅಂಗಿ!"

ನಗಲು ಶುರುಮಾಡಿದವಳು ಕಣ್ಣೊರೆಸಿಕೊಂಡಳು.

"ಎರಡು ವರ್ಷದಿಂದ ಗೊತ್ತಿದ್ದೂ ಸುಮ್ನಿದ್ದೀಯ?"

"ನನಗೋಸ್ಕರ ಅವ್ರು ಸುಮ್ನಿದ್ದಾರೆ. ಅವ್ರಿಗೋಸ್ಕರ ನಾನು ಸುಮ್ನಿದ್ದೀನಿ. ಗೊತ್ತು ಅಂತ ಹೇಳಿದ್ರೆ ಅವ್ರ ಮುಖ ಏನಾಗ್ಬೇಕು? ಅದಕ್ಕೇ ಪ್ರತಿ ಬಟ್ಟೆಗೂ ಇನ್ನೊಂದು ನೀರು ಹೆಚ್ಚು ಹಾಕಿಸ್ತೀನಿ, ಹರಿದ ಕಡೆ ಹೇಳದೇನೇ ಹೊಲಿದು ಕಳಿಸ್ತೀನಿ. ನನ್ನ ಕೈಲಾಗೋದು ಅಷ್ಟೇ." ಸೂಜಿಯನ್ನು ಕಾಲರಿಗೆ ಚುಚ್ಚಿ ಎದುರು ಮಹಡಿಯ ಕಡೆ ಕತ್ತೆತ್ತಿದಳು. "ಮೇಷ್ಟ್ರು ಇವತ್ತು ಇಳಿದು ಬರ್ಲಿಲ್ಲ, ನೋಡಿದ್ಯಾ?"

"ಹೌದು."

"ಹೆಂಡ್ತಿ ಹೋದ್ಮೇಲೆ ಆ ಮನುಷ್ಯ ಆರು ತಿಂಗಳು ಮೆಟ್ಟಿಲು ಇಳಿದಿರ್ಲಿಲ್ಲ. ಊಟದ ಡಬ್ಬಿ ಬಾಗಿಲಿಗೆ, ಬಟ್ಟೆ ಬಾಗಿಲಿಗೆ. ನನ್ನ ತಪ್ಪಿಂದ ಅಂಗಿ ಡ್ರೈವರ್ ಮನೆಗೆ ಹೋಯ್ತು ನೋಡು, ಹುಡುಕ್ಕೊಂಡು ಕೆಳಗೆ ಬಂದ್ರು. ಬಂದೋರು ಗಡ್ಡ ಮಾಡಿಸ್ಕೊಂಡ್ರು, ಒಂದು ಗಂಟೆ ಹರಟೆ ಹೊಡೆದು ಹೋದ್ರು. ಉಳಿದದ್ದೆಲ್ಲ ತಿಳೀದೆ ಆಗೋ ತಪ್ಪು, ಅವತ್ತಿಂದ ಇದೊಂದು ಮಾತ್ರ ತಪ್ಪಲ್ಲ. ಮೇಷ್ಟ್ರ ಅಂಗೀನ ಬೇಕು ಅಂತಾನೇ ಬೇರೆಯವರ ಕಟ್ಟಿಗೆ ಹಾಕ್ತೀನಿ. ಅವರ ಕಾಲರು ಸವೆದಿರುತ್ತೆ, ಕೈಗೇ ಗೊತ್ತಾಗುತ್ತೆ."

ಗಂಜಿ ಅಲ್ಲೇ ನೆಲದ ಮೇಲೆ, ಮಡಿಸದ ಹೊದಿಕೆಗಳ ರಾಶಿಯ ಪಕ್ಕ ಕೂತಳು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ತಪ್ಪೇ ಆಗದಂತೆ ನೋಡಿಕೊಳ್ಳುವುದಕ್ಕೆ ಅವಳಿಗೆ ಎರಡು ಸಲ ಪ್ರಶಸ್ತಿಪತ್ರ ಕೊಟ್ಟಿದ್ದರು. ಆ ಕಾಗದಗಳನ್ನು ಅಮ್ಮನಿಗೆ ತೋರಿಸಲೆಂದೇ ತಂದಿದ್ದಳು. ಈಗ ತೋರಿಸಲು ನಾಚಿಕೆಯಾಯಿತು.

"ನಿನ್ನ ತಮ್ಮ ಯಾಕೆ ಕರೆಸಿದ್ದಾನೆ ಅಂತ್ಲೂ ಗೊತ್ತು," ಎಂದಳು ಅಮ್ಮ. ದನಿ ಮೊದಲಿನಷ್ಟು ಗಟ್ಟಿಯಿರಲಿಲ್ಲ. "ಮೆಟ್ಟಿಲ ಕೆಳಗೆ ಟವೆಲಲ್ಲಿ ಇರೋದು ಏನು ಅಂತ ಮುಟ್ಟಿ ನೋಡಿದ್ದೀನಿ. ನೀನು ಏಳು ಅಂದ್ರೆ ಏಳ್ತೀನಿ. ಅಷ್ಟು ದೂರದಿಂದ ಬಂದು ಹೇಳಿದ್ರೆ ಇಲ್ಲ ಅನ್ನಲ್ಲ. ಹೇಳು."

ಹದಿನಾಲ್ಕು ವರ್ಷದಲ್ಲಿ ಅಮ್ಮ ತನ್ನ ವಿಷಯದಲ್ಲಿ ಅವಳ ತೀರ್ಮಾನ ಕೇಳಿದ್ದು ಇದೇ ಮೊದಲು. ಗಂಜಿ ಎದ್ದು, ಮುಂದಿನ ವಾರಕ್ಕೆಂದು ಮೇಜಿನ ಮೇಲಿದ್ದ ಬಟ್ಟೆಗಳಲ್ಲಿ ತಡಕಾಡಿ, ಸವೆದ ಕಾಲರಿನ ಬಿಳಿ ಅಂಗಿಯೊಂದನ್ನು ಹುಡುಕಿದಳು. ಕಾಲರಿನ ಒಳಗೆ ನೀಲಿ ದಾರದ ಮೂರು ಹೊಲಿಗೆ. ಅದನ್ನು ಡ್ರೈವರನ ರಾಶಿಯ ಮೇಲಿಟ್ಟು ಅಮ್ಮನ ಕೈ ಎಳೆದು ಮುಟ್ಟಿಸಿದಳು.

"ಕೂತ್ಕೋ ಅಮ್ಮ," ಎಂದಳು. "ಎಲ್ಲಿಗೆ ಏಳ್ತೀಯ."

ತಮ್ಮನಿಗೆ ಅರ್ಥ ಮಾಡಿಸಲು ಒಂದು ಇಡೀ ಬೆಳಗು ಹಿಡಿಯಿತು. ಕೇಳಿ ಮುಗಿಸಿ ಅವನು ಇಸ್ತ್ರಿ ಪೆಟ್ಟಿಗೆ ಕೆಳಗಿಟ್ಟು, ತಲೆಯ ಮೇಲೆ ಕೈ ಹೊತ್ತು, "ಹಾಗಾದ್ರೆ ಈ ಬೀದೀಲಿ ಏನೂ ಗೊತ್ತಿಲ್ಲದೋನು ನಾನೊಬ್ಬನೇ," ಎಂದ. ಯಂತ್ರ ವ್ಯರ್ಥವಾಗಲಿಲ್ಲ. ಹೊಸದಾಗಿ ಬರತೊಡಗಿದ್ದ ಹಾಸ್ಟೆಲಿನ ಬಟ್ಟೆಗಳಿಗೆ ನಂಬರ್ ಪಟ್ಟಿ ಎಂದು ತೀರ್ಮಾನವಾಯಿತು. ಬೀದಿಯ ಹಳೆಯ ಮನೆಗಳೆಲ್ಲ ಎಂದಿನಂತೆ ಅಮ್ಮನ ಪಾಲಿಗೆ. ಮುಂದಿನ ಶನಿವಾರ ಬೆಂಚು ತುಂಬಿತ್ತು. ಮೇಷ್ಟ್ರು ಗಡ್ಡ ಮಾಡಿಸಿಕೊಂಡು ಏಳಕ್ಕೆ ಎದ್ದು ಹೋದರು.

ಹೊರಡುವ ದಿನ ಸೂಟ್‌ಕೇಸನ್ನು ಅಮ್ಮನೇ ತುಂಬಿದಳು, ಯಾರನ್ನೂ ಹತ್ತಿರ ಬಿಡಲಿಲ್ಲ. ಟ್ಯಾಕ್ಸಿಯ ಕಿಟಕಿಯಲ್ಲಿ ಗಂಜಿ ಏನೋ ಹೇಳಲು ಹೋದಳು. ಇನ್ನು ಎಷ್ಟು ವರ್ಷಕ್ಕೆ ಎಂಬ ಪ್ರಶ್ನೆ ಇಬ್ಬರ ನಡುವೆಯೂ ನಿಂತಿತ್ತು, ಇಬ್ಬರಿಗೂ ಕೇಳುವ ಧೈರ್ಯವಿರಲಿಲ್ಲ. ಅಮ್ಮ ಕೋಟಿನ ಕಾಲರ್ ಸರಿಮಾಡಿ, "ತಲುಪಿದ ಕೂಡ್ಲೇ ಬಟ್ಟೆ ಬಿಚ್ಚಿ ಹರಡು, ಮುದುರಿಬಿಡುತ್ತೆ," ಎಂದಳು. ಅಷ್ಟೇ.

ಮೂರನೇ ದಿನ, ತನ್ನ ಬಾಡಿಗೆ ಕೋಣೆಯಲ್ಲಿ, ಗಂಜಿ ಸೂಟ್‌ಕೇಸ್ ತೆರೆದಳು. ಪ್ರತಿಯೊಂದರ ಕಾಲರಿನಲ್ಲೂ ಕೆಂಪು ದಾರದ ಎರಡು ಹೊಲಿಗೆ. ಒಂದೂ ತಪ್ಪಿರಲಿಲ್ಲ, ಒಂದೂ ಸೊಟ್ಟಗಿರಲಿಲ್ಲ. ಒಂದೊಂದನ್ನೇ ಮುಟ್ಟಿ ನೋಡುತ್ತ ತಳಕ್ಕೆ ಬಂದಳು. ತಳದಲ್ಲಿ ಕಾಗದ ಸುತ್ತಿ ಎಡಗೈ ಗಂಟು ಹಾಕಿದ ಕಟ್ಟೊಂದಿತ್ತು. ಬಿಚ್ಚಿ ಎತ್ತಿ ಹಿಡಿದರೆ ಕಿಟಕಿಯ ಬೆಳಕೇ ಮರೆಯಾಗುವಷ್ಟು ದೊಡ್ಡ ಅಂಗಿ. ಇಂಥದ್ದು ಬೀದಿಯಲ್ಲಿ ಒಬ್ಬನಿಗೆ ಮಾತ್ರ ಆಗುತ್ತದೆ. ಕಾಲರಿನ ಒಳಗೆ ಕಂದು ದಾರದ ನಾಲ್ಕು ಹೊಲಿಗೆ.

ಗಂಜಿ ಆ ಅಂಗಿಯಲ್ಲಿ ಮುಖ ಮುಚ್ಚಿಕೊಂಡು ನಕ್ಕಳು, ಅತ್ತಳು, ಮತ್ತೆ ನಕ್ಕಳು. ಸೋಮವಾರ ಬೆಳಗ್ಗೆ ಕೆಲಸಕ್ಕೆ ಹೋದವಳು ಯಂತ್ರಗಳನ್ನು ಚಾಲೂ ಮಾಡುವ ಮೊದಲೇ ಕಚೇರಿಗೆ ಹೋಗಿ ಮುಂದಿನ ವರ್ಷದ ರಜೆಯ ಅರ್ಜಿ ಕೇಳಿ ಪಡೆದು ನಿಂತಲ್ಲೇ ತುಂಬಿದಳು. ಕಾರಣ ಎಂಬ ಜಾಗದಲ್ಲಿ ಒಂದೇ ಸಾಲು ಬರೆದಳು: ನೆರೆಯವರ ಅಂಗಿಯೊಂದು ತಪ್ಪಿ ನನ್ನ ಬಳಿ ಬಂದಿದೆ, ಹಿಂತಿರುಗಿಸಬೇಕು.